ದೂರವೆಂಬ ಒರೆಗಲ್ಲು: ಅಂತರಿಕ್ಷದಲ್ಲಿ ಬೆಳಕಿನ ಕ್ವಾಂಟಂ ಪ್ರಯೋಗಗಳ ಚರಿತ್ರೆ

೧. ಪೀಠಿಕೆ

ಭೌತವಿಜ್ಞಾನದ ತಳಹದಿಯ ನಿಯಮಗಳನ್ನು ಅಂತರಿಕ್ಷದಲ್ಲಿ ಬೆಳಕಿನ ಕಣಗಳ ಮೂಲಕ ಪರೀಕ್ಷಿಸುವ ಪ್ರಯತ್ನಗಳ ಚರಿತ್ರೆ ದೀರ್ಘವಾದುದಲ್ಲ. ಉಪಗ್ರಹಗಳನ್ನು ಬಳಸಿ ನಡೆದ ಇಂಥ ಪ್ರಯೋಗಗಳಲ್ಲಿ ಬಹುಪಾಲು ೨೦೧೫ರಿಂದ ಈಚಿನವು. ಆದರೆ ಇಷ್ಟು ಅಲ್ಪ ಅವಧಿಯಲ್ಲಿಯೇ ಇವುಗಳ ಸುತ್ತ ಎರಡು ಬಗೆಯ ಕಥನಗಳು ಬೆಳೆದಿವೆ. ಮೊದಲನೆಯದು, ಪ್ರಯೋಗ ನಡೆಸಿದವರು ಸಂಶೋಧನಾ ಪತ್ರಿಕೆಗಳಲ್ಲಿ ದಾಖಲಿಸಿರುವ ಅಂಕಿ-ಅಂಶಗಳ ಕಥನ. ಎರಡನೆಯದು, ಬಾಯಿಂದ ಬಾಯಿಗೆ, ಸುದ್ದಿಯಿಂದ ಸುದ್ದಿಗೆ ಹರಿದುಬಂದ ಕಥನ. 'ಐನ್‌ಸ್ಟೈನ್ ಸೋತ', 'ಬೆಳಕಿಗಿಂತ ವೇಗವಾಗಿ ಸಂದೇಶ ಹೋಯಿತು' ಎಂಬ ಮಾತುಗಳು ಈ ಎರಡನೆಯ ಕಥನಕ್ಕೆ ಸೇರಿದವು.

ಜಾನಪದ ಅಧ್ಯಯನಕ್ಕೂ ಕ್ವಾಂಟಂ ಭೌತವಿಜ್ಞಾನಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುತ್ತದೆ. ಭೌತವಿಜ್ಞಾನದ ಗಣಿತವನ್ನು ವಿಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ದಾಖಲೆಯನ್ನೂ ಐತಿಹ್ಯವನ್ನೂ ಬೇರ್ಪಡಿಸಿ ನೋಡುವುದು, ಒಂದು ಕಥನದ ಮೂಲಪಾಠ ಯಾವುದು, ಪಾಠಾಂತರ ಯಾವುದು, ಯಾವ ಹಂತದಲ್ಲಿ ಏನು ಸೇರಿಕೊಂಡಿತು ಎಂದು ಗುರುತಿಸುವುದು ಜಾನಪದ ಸಂಶೋಧನೆಯ ನಿತ್ಯದ ಕೆಲಸ. ಅದೇ ಶಿಸ್ತನ್ನು ಈ ಹೊಸ ಚರಿತ್ರೆಗೆ ಅನ್ವಯಿಸಿದಾಗ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಅಂತರಿಕ್ಷವು ಈ ಪ್ರಯೋಗಗಳಿಗೆ ಒದಗಿಸಿದ್ದು ದೂರವನ್ನು ಮತ್ತು ಗುರುತ್ವದ ವ್ಯತ್ಯಾಸವನ್ನು, ಸಿದ್ಧಾಂತ ಹಳೆಯದೇ. ಅಲ್ಲದೆ, ಈ ಪ್ರಯೋಗಗಳ ಬೆಲೆ ಇರುವುದು ಅವು ಯಾವ ಸಾಧ್ಯತೆಯನ್ನು ತಳ್ಳಿಹಾಕಿದವು ಎಂಬುದರಲ್ಲಿ. ಈ ಎರಡು ಅಂಶಗಳನ್ನು ದಾಖಲೆಗಳ ಆಧಾರದಿಂದ ನಿರೂಪಿಸಲು ಇಲ್ಲಿ ಪ್ರಯತ್ನಿಸಲಾಗಿದೆ.

೨. ಪ್ರಶ್ನೆಯ ಹುಟ್ಟು

೧೯೩೫ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್, ಬೋರಿಸ್ ಪೊಡೊಲ್‌ಸ್ಕಿ ಮತ್ತು ನೇಥನ್ ರೋಸೆನ್ ಒಂದು ಪ್ರಬಂಧವನ್ನು ಪ್ರಕಟಿಸಿದರು. ಒಮ್ಮೆ ಪರಸ್ಪರ ಸಂಪರ್ಕಕ್ಕೆ ಬಂದು ಬೇರೆಯಾದ ಎರಡು ಕಣಗಳಲ್ಲಿ ಒಂದನ್ನು ಅಳೆದರೆ, ಎಷ್ಟೋ ದೂರದಲ್ಲಿರುವ ಇನ್ನೊಂದರ ಗುಣವನ್ನು ಖಚಿತವಾಗಿ ಹೇಳಬಹುದೆಂದು ಕ್ವಾಂಟಂ ಸಿದ್ಧಾಂತ ಸೂಚಿಸುತ್ತದೆ. ಹಾಗಾದರೆ ಆ ಗುಣ ಅಳತೆಗೆ ಮೊದಲೇ ಅಲ್ಲಿ ಇದ್ದಿರಬೇಕು, ಅದನ್ನು ವಿವರಿಸಲಾಗದ ಸಿದ್ಧಾಂತವು ಅಪೂರ್ಣ ಎಂಬುದು ಅವರ ವಾದ. ಅದೇ ವರ್ಷ ಎರ್ವಿನ್ ಶ್ರೋಡಿಂಗರ್ ಈ ವಿಲಕ್ಷಣ ಸಂಬಂಧಕ್ಕೆ ಒಂದು ಹೆಸರನ್ನಿತ್ತರು. ಕನ್ನಡದಲ್ಲಿ ಅದಕ್ಕೆ 'ತಳುಕು', 'ಸಿಕ್ಕು', 'ಹೆಣಿಗೆ' ಎಂಬ ಪದಗಳು ಒದಗಿಬರುತ್ತವೆ. 'ಬಂಧ' ಎಂದರೆ ಎರಡರ ನಡುವೆ ಏನೋ ಒಂದು ಹಗ್ಗ ಇದೆಯೆಂಬ ಭಾವನೆ ಬರುತ್ತದೆ. 'ಸಿಕ್ಕು' ಎಂದರೆ ಬಿಡಿಸಬೇಕಾದ ತೊಂದರೆ ಎಂಬ ಅರ್ಥ ಇಣುಕುತ್ತದೆ. ಒಂದೊಂದೇ ಎಳೆಯನ್ನು ಬೇರೆಯಾಗಿಟ್ಟು ನೋಡಿದರೆ ವಿನ್ಯಾಸ ತಿಳಿಯದು, ಎರಡನ್ನೂ ಕೂಡಿಸಿ ನೋಡಿದಾಗ ಮಾತ್ರ ತಿಳಿಯುತ್ತದೆ ಎಂಬ ಅರ್ಥವನ್ನು 'ಹೆಣಿಗೆ' ಚೆನ್ನಾಗಿ ಕೊಡುವುದರಿಂದ ಇಲ್ಲಿ ಆ ಪದವನ್ನೇ ಬಳಸಲಾಗಿದೆ.

ಸುಮಾರು ಮೂರು ದಶಕಗಳ ಕಾಲ ಇದು ತತ್ತ್ವಚರ್ಚೆಯ ವಿಷಯವಾಗಿಯೇ ಉಳಿಯಿತು. ಅದನ್ನು ಅಳತೆಯ ಕಕ್ಷೆಗೆ ತಂದವರು ಜಿನೀವಾದ ಸೆರ್ನ್ ಸಂಸ್ಥೆಯಲ್ಲಿದ್ದ ಜಾನ್ ಬೆಲ್. ೧೯೬೪ರ ತಮ್ಮ ಪ್ರಬಂಧದಲ್ಲಿ ಅವರು ತೋರಿಸಿದ್ದಿಷ್ಟು: ಕಣಗಳ ಗುಣಗಳು ಮೊದಲೇ ನಿಶ್ಚಿತವಾಗಿದ್ದು, ಒಂದೆಡೆಯ ಅಳತೆ ಇನ್ನೊಂದೆಡೆಯ ಮೇಲೆ ಪರಿಣಾಮ ಬೀರದಿದ್ದಲ್ಲಿ, ಎರಡೂ ಕಡೆಯ ಫಲಿತಗಳ ನಡುವಿನ ಹೊಂದಾಣಿಕೆ ಒಂದು ಮಿತಿಯನ್ನು ಮೀರಲಾರದು. ೧೯೬೯ರಲ್ಲಿ ಜಾನ್ ಕ್ಲೌಸರ್, ಮೈಕೆಲ್ ಹಾರ್ನ್, ಅಬ್ನರ್ ಶಿಮೋನಿ ಮತ್ತು ರಿಚರ್ಡ್ ಹೋಲ್ಟ್ ಇದನ್ನು ಪ್ರಯೋಗಕ್ಕೆ ಅನುಕೂಲವಾದ ರೂಪಕ್ಕೆ ತಂದರು. ಈ ರೂಪದಲ್ಲಿ ಆ ಮಿತಿ ೨. ಕ್ವಾಂಟಂ ಸಿದ್ಧಾಂತವಾದರೋ ಸುಮಾರು ೨.೮೩ರವರೆಗೆ ಹೋಗಬಹುದೆನ್ನುತ್ತದೆ. ಹೀಗೆ ವಾದವೊಂದು ಸಂಖ್ಯೆಯಾಗಿ ಮಾರ್ಪಟ್ಟಿತು.

೧೯೭೨ರಲ್ಲಿ ಬರ್ಕ್ಲಿಯಲ್ಲಿ ಸ್ಟುವರ್ಟ್ ಫ್ರೀಡ್‌ಮನ್ ಮತ್ತು ಕ್ಲೌಸರ್, ೧೯೮೨ರಲ್ಲಿ ಫ್ರಾನ್ಸಿನ ಒರ್ಸೆಯಲ್ಲಿ ಅಲೈನ್ ಆಸ್ಪೆ ಮತ್ತು ಸಂಗಡಿಗರು ಫೋಟಾನ್ ಜೋಡಿಗಳ ಮೇಲೆ ಈ ಪರೀಕ್ಷೆಯನ್ನು ನಡೆಸಿ, ಫಲಿತಾಂಶವು ಕ್ವಾಂಟಂ ಸಿದ್ಧಾಂತದ ಕಡೆಗಿದೆಯೆಂದು ತೋರಿಸಿದರು. ಆದರೂ ಕೆಲವು ಕಿಂಡಿಗಳು ತೆರೆದೇ ಇದ್ದವು. ಎರಡು ಅಳತೆಗಳು ಹತ್ತಿರದಲ್ಲಿ ನಡೆದರೆ ಒಂದರ ಸುಳಿವು ಇನ್ನೊಂದಕ್ಕೆ ತಲುಪಿರಬಹುದೆಂಬುದು ಸ್ಥಳದ ಕಿಂಡಿ. ಬಹುಪಾಲು ಫೋಟಾನ್‌ಗಳು ಎಣಿಕೆಗೆ ಸಿಗದೆ ಹೋದರೆ ಸಿಕ್ಕವು ಎಲ್ಲವನ್ನೂ ಪ್ರತಿನಿಧಿಸುತ್ತವೆಯೇ ಎಂಬುದು ಎಣಿಕೆಯ ಕಿಂಡಿ. ೧೯೯೮ರಲ್ಲಿ ಇನ್ಸ್‌ಬ್ರುಕ್‌ನ ತಂಡವು ೪೦೦ ಮೀಟರ್ ಅಂತರದಲ್ಲಿ ಸ್ಥಳದ ಕಿಂಡಿಯನ್ನು ಮುಚ್ಚಿತು. ೨೦೧೫ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್, ಆಸ್ಟ್ರಿಯದ ವಿಯೆನ್ನಾ ಮತ್ತು ಅಮೆರಿಕದ ಬೌಲ್ಡರ್‌ಗಳಲ್ಲಿ ನಡೆದ ಪ್ರತ್ಯೇಕ ಪ್ರಯೋಗಗಳು ಈ ಎರಡು ಕಿಂಡಿಗಳನ್ನೂ ಏಕಕಾಲದಲ್ಲಿ ಮುಚ್ಚಿದವು. ಡೆಲ್ಫ್ಟ್‌ನಲ್ಲಿ ಎರಡು ಕೇಂದ್ರಗಳ ನಡುವಣ ಅಂತರ ೧.೩ ಕಿ.ಮೀ.

೩. ನೆಲದ ಮಿತಿ

ಪ್ರಶ್ನೆ ನೆಲದ ಮೇಲೆಯೇ ಇತ್ಯರ್ಥವಾಗಿದ್ದರೆ ಉಪಗ್ರಹದ ಅಗತ್ಯವೇನಿತ್ತು? ಕ್ವಾಂಟಂ ಸಿದ್ಧಾಂತದಲ್ಲಿ ಹೆಣಿಗೆಗೆ ದೂರದ ಎಲ್ಲೆ ಇಲ್ಲ. ಆದರೆ ಸಿದ್ಧಾಂತ ಎಲ್ಲೆ ಹೇಳದಿರುವುದು ಬೇರೆ, ಎಲ್ಲೆ ಇಲ್ಲವೆಂದು ಅಳೆದು ನೋಡುವುದು ಬೇರೆ. ಒಂದು ಕಿಲೋಮೀಟರಿನಲ್ಲಿ ಸತ್ಯವಾದುದು ಸಾವಿರ ಕಿಲೋಮೀಟರಿನಲ್ಲಿಯೂ ಸತ್ಯವೇ ಎಂಬುದನ್ನು ಪ್ರಯೋಗವೇ ಹೇಳಬೇಕು. ಅಲ್ಲದೆ, ಗುರುತ್ವವನ್ನು ವಿವರಿಸುವ ಸಾಪೇಕ್ಷತಾ ಸಿದ್ಧಾಂತ ಮತ್ತು ಕ್ವಾಂಟಂ ಸಿದ್ಧಾಂತ ಇಂದಿಗೂ ಒಂದಾಗಿಲ್ಲ. ಅವೆರಡೂ ಸಂಧಿಸುವ ಎಡೆಯನ್ನು ಪ್ರಯೋಗಾಲಯದ ಮೇಜಿನ ಮೇಲೆ ಹುಡುಕುವುದು ಕಷ್ಟ.

ದೂರವನ್ನು ಹೆಚ್ಚಿಸಲು ಗಾಜಿನ ದ್ಯುತಿತಂತುಗಳು ಸಾಲವು. ಇಂಥ ತಂತುವಿನಲ್ಲಿ ಸಾಗುವ ಬೆಳಕು ಸುಮಾರು ೧೫ ಕಿ.ಮೀ.ಗೊಮ್ಮೆ ಅರ್ಧಕ್ಕಿಳಿಯುತ್ತದೆ. ೧,೨೦೦ ಕಿ.ಮೀ. ಸಾಗುವಷ್ಟರಲ್ಲಿ ೮೦ ಬಾರಿ ಅರ್ಧವಾಗಿರುತ್ತದೆ. ಸೆಕೆಂಡಿಗೆ ಅರವತ್ತು ಲಕ್ಷದಷ್ಟು ಜೋಡಿಗಳನ್ನು ಕಳುಹಿಸುತ್ತ ಹೋದರೂ ಒಂದು ಜೋಡಿ ತಲುಪಲು ಸರಾಸರಿ ಭೂಮಿಯ ಈವರೆಗಿನ ವಯಸ್ಸನ್ನೂ ಮೀರುವಷ್ಟು ಕಾಲ ಬೇಕಾದೀತೆಂದು ಲೆಕ್ಕ ಹಾಕಬಹುದು. ಕ್ವಾಂಟಂ ಸ್ಥಿತಿಯನ್ನು ನಕಲು ಮಾಡಲಾಗದ ಕಾರಣ ನಡುದಾರಿಯಲ್ಲಿ ಬೆಳಕನ್ನು ವರ್ಧಿಸುವ ಉಪಾಯವೂ ಇಲ್ಲಿ ನಡೆಯದು.

ಬಯಲಿನಲ್ಲಿ ಬೆಳಕನ್ನು ಕಳುಹಿಸಿದರೆ ಭೂಮಿಯ ಗೋಲಾಕಾರ ಮತ್ತು ಗಾಳಿಯ ಕಲಕಾಟ ಅಡ್ಡಬರುತ್ತವೆ. ೨೦೦೭ರಲ್ಲಿ ವಿಯೆನ್ನಾದ ಆಂಟನ್ ಝೈಲಿಂಗರ್ ಅವರ ಬಳಗವೂ ಒಳಗೊಂಡ ಯುರೋಪಿನ ತಂಡವು ಕ್ಯಾನರಿ ದ್ವೀಪಗಳಲ್ಲಿ ಲಾ ಪಾಲ್ಮಾದಿಂದ ಟೆನೆರೀಫ್‌ಗೆ ೧೪೪ ಕಿ.ಮೀ. ದೂರ ಹೆಣೆದ ಫೋಟಾನನ್ನು ಕಳುಹಿಸಿ ಬೆಲ್ ಪರೀಕ್ಷೆಯನ್ನು ನಡೆಸಿತು. ಬೆಟ್ಟದಿಂದ ಬೆಟ್ಟಕ್ಕೆ ಸಾಗುವ ಬೆಳಕು ಇಡೀ ದಾರಿಯುದ್ದಕ್ಕೂ ಗಾಳಿಯಲ್ಲಿಯೇ ಸಾಗಬೇಕು. ಮೇಲಿನಿಂದ ಕೆಳಕ್ಕೆ ಬರುವ ಬೆಳಕಿಗಾದರೋ ದಟ್ಟವಾದ ವಾತಾವರಣ ಎದುರಾಗುವುದು ಕೊನೆಯ ಹತ್ತಾರು ಕಿಲೋಮೀಟರುಗಳಲ್ಲಿ ಮಾತ್ರ. ಉಳಿದ ದಾರಿಯೆಲ್ಲ ನಿರ್ವಾತ. ಅಂತರಿಕ್ಷದ ಕಡೆಗೆ ಸಂಶೋಧಕರು ಮುಖ ಮಾಡಿದ್ದರ ಕಾರಣ ಇದೇ. ಝೈಲಿಂಗರ್ ಅವರ ಬಳಗವು ಅಂತರಿಕ್ಷ ನಿಲ್ದಾಣದಿಂದ ಇಂಥ ಪ್ರಯೋಗ ನಡೆಸುವ ಯೋಜನೆಯನ್ನು ಯುರೋಪಿನ ಅಂತರಿಕ್ಷ ಸಂಸ್ಥೆಯ ಮುಂದಿಟ್ಟಿತ್ತು. ಆದರೆ ಮೊದಲು ಉಡಾವಣೆಗೊಂಡದ್ದು ಚೀನಾದ ಉಪಗ್ರಹ.

೪. ಮೋಝಿ ಉಪಗ್ರಹ

೨೦೧೬ರ ಆಗಸ್ಟ್ ೧೬ರಂದು ಚೀನಾದ ಜಿಯುಚುವಾನ್ ಕೇಂದ್ರದಿಂದ 'ಮೋಝಿ' ಉಪಗ್ರಹ ಉಡಾವಣೆಗೊಂಡು ಸುಮಾರು ೫೦೦ ಕಿ.ಮೀ. ಎತ್ತರದ ಕಕ್ಷೆಯನ್ನು ಸೇರಿತು. ಇದರ ಪ್ರಧಾನ ವಿಜ್ಞಾನಿ ಪಾನ್ ಜಿಯಾನ್‌ವೇ ವಿಯೆನ್ನಾದಲ್ಲಿ ಝೈಲಿಂಗರ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದವರು. ಉಪಗ್ರಹದೊಳಗಿನ ಉಪಕರಣವು ಸೆಕೆಂಡಿಗೆ ಸುಮಾರು ೫೯ ಲಕ್ಷ ಹೆಣೆದ ಫೋಟಾನ್ ಜೋಡಿಗಳನ್ನು ಉತ್ಪಾದಿಸುತ್ತಿತ್ತು. ಜೋಡಿಯ ಒಂದು ಫೋಟಾನ್ ಚಿಂಗ್‌ಹಾಯ್ ಪ್ರಾಂತ್ಯದ ದೆಲಿಂಗ್‌ಹಾದ ದೂರದರ್ಶಕಕ್ಕೆ, ಇನ್ನೊಂದು ಯುನಾನ್ ಪ್ರಾಂತ್ಯದ ಲಿಜಿಯಾಂಗ್‌ನ ದೂರದರ್ಶಕಕ್ಕೆ ಹೋಗುವಂತೆ ಏರ್ಪಡಿಸಲಾಗಿತ್ತು. ಈ ಎರಡು ನೆಲೆಗಳ ನಡುವಣ ಅಂತರ ೧,೨೦೩ ಕಿ.ಮೀ. ಉಪಗ್ರಹದಿಂದ ಎರಡೂ ಕಡೆಗೆ ಬೆಳಕು ಕ್ರಮಿಸಿದ ಒಟ್ಟು ದಾರಿ ೧,೬೦೦ರಿಂದ ೨,೪೦೦ ಕಿ.ಮೀ.

ಪ್ರಯೋಗವು ರಾತ್ರಿಯ ವೇಳೆ, ಉಪಗ್ರಹವು ಎರಡೂ ನೆಲೆಗಳಿಗೆ ಕಾಣಿಸುವ ಕೆಲವೇ ನಿಮಿಷಗಳಲ್ಲಿ ನಡೆಯಬೇಕಿತ್ತು. ಹೊರಟ ೫೯ ಲಕ್ಷ ಜೋಡಿಗಳಲ್ಲಿ ಎರಡೂ ಕಡೆ ಎಣಿಕೆಗೆ ಸಿಕ್ಕದ್ದು ಸೆಕೆಂಡಿಗೆ ಸರಾಸರಿ ಒಂದು ಜೋಡಿ. ೧,೦೫೯ ಸೆಕೆಂಡುಗಳ ಪರಿಣಾಮಕಾರಿ ಅವಧಿಯಲ್ಲಿ ೧,೧೬೭ ಜೋಡಿಗಳು ಬೆಲ್ ಪರೀಕ್ಷೆಗೆ ಒದಗಿದವು. ಒಂದೆಡೆಯ ಅಳತೆಯ ಸುದ್ದಿ ಬೆಳಕಿನ ವೇಗದಲ್ಲಿ ಹೊರಟರೂ ಇನ್ನೊಂದೆಡೆಯನ್ನು ಮುಟ್ಟುವುದರೊಳಗೆ ಅಲ್ಲಿನ ಅಳತೆ ಮುಗಿಯುವಂತೆ ವ್ಯವಸ್ಥೆ ಇತ್ತು. ದೊರೆತ ಸಂಖ್ಯೆ ೨.೩೭, ಅನಿಶ್ಚಿತತೆ ೦.೦೯. ಅಂದರೆ ೨ರ ಮಿತಿಯನ್ನು ಅನಿಶ್ಚಿತತೆಯ ನಾಲ್ಕು ಪಟ್ಟಿನಷ್ಟು ಮೀರಲಾಗಿತ್ತು. ೨೦೧೭ರ ಜೂನ್‌ನಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಇಲ್ಲಿ ಒಂದು ವಿವೇಚನೆ ಅಗತ್ಯ. ಅಷ್ಟೊಂದು ಫೋಟಾನ್‌ಗಳು ದಾರಿಯಲ್ಲಿಯೇ ಕಳೆದುಹೋಗಿದ್ದರಿಂದ ಎಣಿಕೆಯ ಕಿಂಡಿ ಈ ಪ್ರಯೋಗದಲ್ಲಿ ಮುಚ್ಚಿರಲಿಲ್ಲ. ಕಟ್ಟುನಿಟ್ಟಿನ ದೃಷ್ಟಿಯಿಂದ ೨೦೧೫ರ ನೆಲದ ಪ್ರಯೋಗಗಳೇ ಮೇಲು. ದೂರದ ದೃಷ್ಟಿಯಿಂದ ೨೦೧೭ರ ಪ್ರಯೋಗಕ್ಕೆ ಅಂದು ಸಾಟಿ ಇರಲಿಲ್ಲ. ಈ ಎರಡನ್ನೂ ಒಂದೇ ಏಣಿಯ ಕೆಳಗಿನ ಮತ್ತು ಮೇಲಿನ ಮೆಟ್ಟಿಲುಗಳೆಂದು ಹೇಳುವ ಕ್ರಮ ಜನಪ್ರಿಯ ಬರಹಗಳಲ್ಲಿದೆ. ದಾಖಲೆಗಳ ಪ್ರಕಾರ ಅವು ಒಂದೇ ಪ್ರಶ್ನೆಯ ಎರಡು ಬೇರೆ ಮುಖಗಳನ್ನು ಪರೀಕ್ಷಿಸಿದವು.

೫. ಮಟೇರಾದ ಪ್ರಯೋಗ

ಹೊಸ ಉಪಗ್ರಹವನ್ನು ಕಟ್ಟದೆಯೂ ಅಂತರಿಕ್ಷವನ್ನು ಬಳಸಿಕೊಳ್ಳಬಹುದೆಂದು ತೋರಿಸಿದವರು ಇಟಲಿಯ ಪಾದುವಾ ವಿಶ್ವವಿದ್ಯಾಲಯದ ಪಾವೊಲೊ ವಿಲ್ಲೊರೇಸಿ ಮತ್ತು ಸಂಗಡಿಗರು. ದಕ್ಷಿಣ ಇಟಲಿಯ ಮಟೇರಾದಲ್ಲಿ ಉಪಗ್ರಹಗಳ ದೂರವನ್ನು ಲೇಸರ್‌ನಿಂದ ಅಳೆಯುವ ಕೇಂದ್ರವಿದ್ದು, ಅಲ್ಲಿ ೧.೫ ಮೀಟರ್ ವ್ಯಾಸದ ದೂರದರ್ಶಕವಿದೆ. ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಪ್ರತಿಫಲಕಗಳುಳ್ಳ ಹಳೆಯ ಉಪಗ್ರಹಗಳನ್ನು ಅವರು ಬಳಸಿಕೊಂಡರು. ಅವುಗಳಲ್ಲಿ ಬೀಕನ್-ಸಿ ೧೯೬೫ರಲ್ಲಿಯೂ ಸ್ಟಾರ್ಲೆಟ್ ೧೯೭೫ರಲ್ಲಿಯೂ ಉಡಾವಣೆಗೊಂಡವು. ಭೂಮಿಯ ಅಳತೆಗಾಗಿ ಹಾರಿಸಿದ್ದ ಈ ಉಪಗ್ರಹಗಳು ದಶಕಗಳ ಬಳಿಕ ಕ್ವಾಂಟಂ ಪ್ರಯೋಗಕ್ಕೆ ಕನ್ನಡಿಗಳಾದವು.

ಇಲ್ಲಿ ಪರೀಕ್ಷೆಗೊಳಗಾದುದು ಅಮೆರಿಕದ ಭೌತವಿಜ್ಞಾನಿ ಜಾನ್ ವೀಲರ್ ೧೯೭೮ರಲ್ಲಿ ಮಂಡಿಸಿದ ಒಂದು ಚಿಂತನ ಪ್ರಯೋಗ. ಎರಡು ದಾರಿಗಳಿರುವ ಉಪಕರಣದಲ್ಲಿ ಫೋಟಾನ್ ಒಂದು ಏರ್ಪಾಡಿನಲ್ಲಿ ಅಲೆಯಂತೆ ವ್ಯತಿಕರಣವನ್ನು ತೋರುತ್ತದೆ, ಇನ್ನೊಂದು ಏರ್ಪಾಡಿನಲ್ಲಿ ಕಣದಂತೆ ಒಂದೇ ದಾರಿಯಲ್ಲಿ ಬಂದುದಾಗಿ ಕಾಣುತ್ತದೆ. ಯಾವ ಏರ್ಪಾಡೆಂಬುದನ್ನು ಫೋಟಾನ್ ಉಪಕರಣವನ್ನು ಹೊಕ್ಕ ಮೇಲೆ ನಿರ್ಧರಿಸಿದರೆ ಏನಾಗುತ್ತದೆ? ಹೊಗುವಾಗಲೇ ಅದು 'ಅಲೆ'ಯೋ 'ಕಣ'ವೋ ಆಗಿಬಿಟ್ಟಿದ್ದರೆ ತಡವಾದ ಆಯ್ಕೆಗೆ ಅದು ಹೊಂದಿಕೊಳ್ಳಲಾರದು. ೨೦೦೭ರಲ್ಲಿ ಫ್ರಾನ್ಸಿನ ತಂಡವೊಂದು ಒಂಟಿ ಫೋಟಾನ್‌ಗಳೊಂದಿಗೆ ಇದನ್ನು ನೆಲದ ಮೇಲೆ ನಡೆಸಿತ್ತು. ೨೦೧೭ರಲ್ಲಿ ಪ್ರಕಟವಾದ ಮಟೇರಾದ ಪ್ರಯೋಗದಲ್ಲಿ ಬೆಳಕು ಉಪಗ್ರಹಕ್ಕೆ ಹೋಗಿ ಹಿಂದಿರುಗುವಾಗ ೩,೫೦೦ ಕಿ.ಮೀ.ವರೆಗಿನ ದಾರಿಯನ್ನು ಕ್ರಮಿಸಿತು. ಅದಕ್ಕೆ ತಗಲುವ ಸಮಯ ಸುಮಾರು ೧೨ ಮಿಲಿಸೆಕೆಂಡು. ಬೆಳಕು ಇನ್ನೂ ದಾರಿಯಲ್ಲಿರುವಾಗಲೇ ಯಾದೃಚ್ಛಿಕ ಸಂಖ್ಯೆಗಳನ್ನು ನೀಡುವ ಉಪಕರಣವು ಏರ್ಪಾಡನ್ನು ಆಯ್ಕೆ ಮಾಡುತ್ತಿತ್ತು. ಫಲಿತಾಂಶ ಕ್ವಾಂಟಂ ಸಿದ್ಧಾಂತದ ನಿರೀಕ್ಷೆಯಂತೆಯೇ ಬಂದಿತು. ಫೋಟಾನ್ ಹೊರಡುವಾಗಲೇ ಅಲೆ ಅಥವಾ ಕಣವೆಂದು ನಿಶ್ಚಿತವಾಗಿರುತ್ತದೆ ಎಂಬ ಸಾಮಾನ್ಯ ಗ್ರಹಿಕೆಗೆ ಈ ದೂರದಲ್ಲಿಯೂ ಆಧಾರ ಸಿಗಲಿಲ್ಲ.

ಚಿಂತನ ಪ್ರಯೋಗವೆಂಬುದು ಭೌತವಿಜ್ಞಾನಿಗಳ ಸಮುದಾಯದಲ್ಲಿ ಬಹುಕಾಲ ಕಥನರೂಪದಲ್ಲಿ ಉಳಿಯುವ ವಸ್ತು. ವೀಲರ್ ಅವರೇ ಇದಕ್ಕೆ ಒಂದು ವಿಶ್ವವ್ಯಾಪಿ ಪಾಠಾಂತರವನ್ನೂ ನೀಡಿದ್ದರು. ಅದರಲ್ಲಿ ದೂರದ ಕ್ವೇಸಾರ್‌ನ ಬೆಳಕು ಗೆಲಾಕ್ಸಿಯೊಂದರ ಎರಡು ಬದಿಯಿಂದ ಬಾಗಿ ನಮ್ಮನ್ನು ಸೇರುತ್ತದೆ. ಮೌಖಿಕ ಪರಂಪರೆಯ ಕಥೆಯಂತೆ ಇದೂ ಉಪನ್ಯಾಸಗಳಲ್ಲಿ, ಪಠ್ಯಗಳಲ್ಲಿ ಮತ್ತೆ ಮತ್ತೆ ಹೇಳಲ್ಪಟ್ಟಿತು. ಒಂದು ವ್ಯತ್ಯಾಸವಿದೆ: ಇಂಥ ಕಥೆಯನ್ನು ಅದರ ಕೇಳುಗರೇ ಒಂದು ದಿನ ಮಾಡಿ ನೋಡುತ್ತಾರೆ.

೬. ಗುರುತ್ವದ ಒರೆ

೨೦೧೯ರಲ್ಲಿ ಪ್ರಕಟವಾದ ಮೋಝಿ ಉಪಗ್ರಹದ ಇನ್ನೊಂದು ಪ್ರಯೋಗ ಹೆಚ್ಚು ಪ್ರಸಿದ್ಧಿಗೆ ಬರಲಿಲ್ಲ. ಪ್ರಸ್ತುತ ಚರ್ಚೆಗೆ ಅದೇ ಬಹುಮುಖ್ಯ. ೨೦೦೯ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದ ಟಿಮ್ ರಾಲ್ಫ್ ಮತ್ತು ಸಂಗಡಿಗರು ಒಂದು ಸೈದ್ಧಾಂತಿಕ ಮಾದರಿಯನ್ನು ಮಂಡಿಸಿದ್ದರು. ಹೆಣೆದ ಜೋಡಿಯ ಎರಡು ಫೋಟಾನ್‌ಗಳು ಬೇರೆ ಬೇರೆ ಪ್ರಮಾಣದ ಗುರುತ್ವವಿರುವ ದಾರಿಗಳಲ್ಲಿ ಸಾಗಿದರೆ ಅವುಗಳ ನಡುವಿನ ಹೆಣಿಗೆ ಸಡಿಲಗೊಳ್ಳಬಹುದು ಎಂಬುದು ಅದರ ಸಾರ. ಪ್ರಯೋಗಾಲಯದಲ್ಲಿ ಎರಡೂ ಫೋಟಾನ್‌ಗಳು ಒಂದೇ ಮಟ್ಟದಲ್ಲಿ ಸಾಗುವುದರಿಂದ ಈ ಪರಿಣಾಮ ಅಲ್ಲಿ ಕಾಣಿಸದು.

ಪಾನ್ ಅವರ ತಂಡವು ಟಿಬೆಟ್‌ನ ನ್ಗಾರಿ ಕೇಂದ್ರದಲ್ಲಿ ಫೋಟಾನ್ ಜೋಡಿಗಳನ್ನು ಉತ್ಪಾದಿಸಿ, ಒಂದನ್ನು ನೆಲದಲ್ಲಿಯೇ ಉಳಿಸಿಕೊಂಡು ಇನ್ನೊಂದನ್ನು ಉಪಗ್ರಹಕ್ಕೆ ಏರಿಸಿತು. ಒಂದು ಫೋಟಾನ್ ಭೂಮಿಯ ಗುರುತ್ವವನ್ನು ಹತ್ತಿ ಮೇಲೇರಿತು, ಮತ್ತೊಂದು ಏರಲಿಲ್ಲ. ಆ ಮಾದರಿ ಹೇಳಿದ ಸಡಿಲಿಕೆ ಕಂಡುಬರಲಿಲ್ಲ. ಫಲಿತಾಂಶಗಳು ರೂಢಿಯ ಕ್ವಾಂಟಂ ಸಿದ್ಧಾಂತಕ್ಕೆ ಹೊಂದಿಕೊಂಡವು. ಮಾದರಿಯ ಪ್ರಬಲ ರೂಪವನ್ನು ಕೈಬಿಡಬೇಕಾಯಿತು. ಅದರ ದುರ್ಬಲ ರೂಪವನ್ನು ಪರೀಕ್ಷಿಸಲು ಇನ್ನೂ ಎತ್ತರದ ಕಕ್ಷೆ ಬೇಕೆಂದು ಸಂಶೋಧಕರೇ ಸೂಚಿಸಿದರು.

'ಏನೂ ಕಾಣಲಿಲ್ಲ' ಎಂಬುದು ಸುದ್ದಿಯಾಗುವುದಿಲ್ಲ. ಆದರೆ ಕ್ವಾಂಟಂ ಸಿದ್ಧಾಂತ ಮತ್ತು ಗುರುತ್ವ ಎರಡೂ ಪಾಲ್ಗೊಳ್ಳುವ ಎಡೆಯಲ್ಲಿ ಒಂದು ನಿರ್ದಿಷ್ಟ ಮಾದರಿಯನ್ನು ಉಪಗ್ರಹದ ನೆರವಿನಿಂದ ಒರೆಗೆ ಹಚ್ಚಿ ಬದಿಗಿಟ್ಟ ಘಟನೆ ಇದು. ಸಿದ್ಧಾಂತಿಯೊಬ್ಬರು ತಮ್ಮ ಮಾದರಿ ಎಲ್ಲಿ ಮುರಿಯಬಹುದೆಂದು ಮುಂಚಿತವಾಗಿಯೇ ಹೇಳಿದ್ದರು. ಪ್ರಯೋಗಕಾರರು ಅಲ್ಲಿಯೇ ಹೊಡೆದು ನೋಡಿದರು. ಈ ಚರಿತ್ರೆಯಲ್ಲಿ ಜ್ಞಾನವು ಮುಂದುವರಿದದ್ದು ಈ ಕ್ರಮದಲ್ಲಿ.

೭. ಐತಿಹ್ಯದ ಬೆಳವಣಿಗೆ

ಇನ್ನು ಎರಡನೆಯ ಕಥನವನ್ನು ಪರಿಶೀಲಿಸಬಹುದು. 'ಐನ್‌ಸ್ಟೈನ್ ಸೋತ' ಎಂಬ ಹೇಳಿಕೆಯಲ್ಲಿ ಕಾಲದ ಗೊಂದಲವಿದೆ. ಐನ್‌ಸ್ಟೈನ್ ತೀರಿಕೊಂಡದ್ದು ೧೯೫೫ರಲ್ಲಿ, ಬೆಲ್ ಪ್ರಬಂಧ ಬಂದದ್ದು ೧೯೬೪ರಲ್ಲಿ. ತಮ್ಮ ಜೀವಿತಕಾಲದಲ್ಲಿ ಇಲ್ಲದಿದ್ದ ಪರೀಕ್ಷೆಯಲ್ಲಿ ಅವರನ್ನು ಸೋಲಿಸುವುದು ಚರಿತ್ರೆಯ ಕ್ರಮವಲ್ಲ. ೧೯೩೫ರ ಪ್ರಬಂಧವಾದರೂ ಕ್ವಾಂಟಂ ಸಿದ್ಧಾಂತದ ಲೆಕ್ಕಗಳು ತಪ್ಪುತ್ತವೆಂದು ಹೇಳಿರಲಿಲ್ಲ. ಆ ಸಿದ್ಧಾಂತ ಅಪೂರ್ಣವೆಂದಿತ್ತು. ಬಿದ್ದುಹೋದದ್ದು ಸ್ಥಳೀಯ ಪ್ರಭಾವ ಮತ್ತು ಪೂರ್ವನಿಶ್ಚಿತ ಗುಣಗಳೆರಡನ್ನೂ ಒಟ್ಟಿಗೆ ಉಳಿಸಿಕೊಳ್ಳುವ ನಿರೀಕ್ಷೆ. ಪ್ರಶ್ನೆಯನ್ನು ಅಷ್ಟು ನಿಶಿತವಾಗಿ ಎತ್ತಿದ ಶ್ರೇಯಸ್ಸು ಐನ್‌ಸ್ಟೈನ್ ಅವರದೇ.

'ಬೆಳಕಿಗಿಂತ ವೇಗದ ಸಂದೇಶ' ಎಂಬುದು ಎರಡನೆಯ ಸೇರ್ಪಡೆ. ದೆಲಿಂಗ್‌ಹಾದಲ್ಲಿ ದಾಖಲಾದ ಫಲಿತಗಳನ್ನಷ್ಟೇ ನೋಡಿದರೆ ಅದು ನಾಣ್ಯ ಚಿಮ್ಮಿ ಬರೆದ ಪಟ್ಟಿಯಂತಿರುತ್ತದೆ. ಲಿಜಿಯಾಂಗ್‌ನ ಪಟ್ಟಿಯೂ ಹಾಗೆಯೇ. ಎರಡೂ ಪಟ್ಟಿಗಳನ್ನು ಸಾಮಾನ್ಯ ಸಂಪರ್ಕದ ಮೂಲಕ ಒಂದೆಡೆ ತಂದು ಸಾಲು ಸಾಲಾಗಿ ಹೋಲಿಸಿದಾಗ ಮಾತ್ರ ಹೊಂದಾಣಿಕೆ ಗೋಚರಿಸುತ್ತದೆ. ಎರಡು ಊರುಗಳಲ್ಲಿ ಸಂಗ್ರಹಿಸಿದ ಪಾಠಗಳನ್ನು ಮುಂದಿಟ್ಟುಕೊಂಡು ಕೂಡಿಸಿ ನೋಡುವವರೆಗೆ ಅವುಗಳ ನಂಟು ತಿಳಿಯದಿರುವುದನ್ನು ಕ್ಷೇತ್ರಕಾರ್ಯ ಮಾಡಿದವರೆಲ್ಲ ಬಲ್ಲರು. ಹೋಲಿಕೆಯ ಈ ಹಂತವನ್ನು ಕಥನದಿಂದ ಕೈಬಿಟ್ಟ ಕೂಡಲೇ ಪ್ರಯೋಗವು ಪವಾಡವಾಗುತ್ತದೆ.

ಮೂರನೆಯದು ಹೆಸರಿನ ಸಂಗತಿ. ಉಪಗ್ರಹಕ್ಕೆ ಇಟ್ಟ ಹೆಸರು ಕ್ರಿ.ಪೂ. ಐದನೆಯ ಶತಮಾನದ ಸುಮಾರಿನಲ್ಲಿದ್ದ ಚೀನೀ ಚಿಂತಕ ಮೋಝಿಯದು. ಅವನ ಪಂಥದ ಗ್ರಂಥದಲ್ಲಿ, ಸಣ್ಣ ರಂಧ್ರದ ಮೂಲಕ ಹಾದ ಬೆಳಕು ತಲೆಕೆಳಗಾದ ಬಿಂಬವನ್ನು ಮೂಡಿಸುವ ವಿವರಣೆ ದೊರೆಯುತ್ತದೆ. ಬೆಳಕಿನ ಅಧ್ಯಯನದ ಚರಿತ್ರೆಯಲ್ಲಿ ಇದು ಗೌರವಕ್ಕೆ ಅರ್ಹವಾದ ದಾಖಲೆ. ಆದರೆ ಉಪಗ್ರಹದೊಳಗಿನ ಪ್ರಶ್ನೆ ಬಂದದ್ದು ೧೯೩೫ ಮತ್ತು ೧೯೬೪ರ ಪ್ರಬಂಧಗಳಿಂದ, ವಿಧಾನ ಬಂದದ್ದು ಬರ್ಕ್ಲಿ, ಒರ್ಸೆ, ಇನ್ಸ್‌ಬ್ರುಕ್, ವಿಯೆನ್ನಾಗಳ ಪ್ರಯೋಗಾಲಯಗಳಿಂದ. ಹೆಸರು ಕಟ್ಟಿಕೊಡುವ ವಂಶಾವಳಿಯೂ ವಿಧಾನದ ವಂಶಾವಳಿಯೂ ಇಲ್ಲಿ ಬೇರೆ ಬೇರೆ. ನಮ್ಮ ಹೆಳವರು ಮನೆತನಗಳ ವಂಶಾವಳಿಯನ್ನು ಹೇಳುವಾಗ ಮೂಲಪುರುಷನ ಹೆಸರಿನಿಂದ ಇಡೀ ಮನೆತನಕ್ಕೆ ಗೌರವ ಬರುವುದುಂಟು. ಆ ಗೌರವ ಸಾಮಾಜಿಕ ಸತ್ಯ. ಅದನ್ನು ಕಾರ್ಯಕಾರಣದ ಸತ್ಯವೆಂದು ಓದಬಾರದು.

೮. ಬೆಂಗಳೂರಿನ ಸಂಬಂಧ

ಈ ಎಚ್ಚರಿಕೆ ನಮಗೂ ಅನ್ವಯಿಸುತ್ತದೆ. ಸಿ.ವಿ. ರಾಮನ್ ೧೯೪೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯು ಇಸ್ರೋ ಸಹಯೋಗದಲ್ಲಿ ೨೦೧೭ರಲ್ಲಿ ಉಪಗ್ರಹ ತಂತ್ರಜ್ಞಾನದ ಮೂಲಕ ಕ್ವಾಂಟಂ ಪ್ರಯೋಗಗಳನ್ನು ನಡೆಸುವ ಯೋಜನೆಯನ್ನು ಕೈಗೊಂಡಿತು. ಇದರ ನೇತೃತ್ವ ವಹಿಸಿದ ಉರ್ಬಸಿ ಸಿನ್ಹಾ ಅವರು ಇದಕ್ಕೆ ಮುನ್ನ ಕೆನಡಾದ ವಾಟರ್‌ಲೂನಲ್ಲಿ ಸಹೋದ್ಯೋಗಿಗಳೊಂದಿಗೆ ನಡೆಸಿ ೨೦೧೦ರಲ್ಲಿ ಪ್ರಕಟಿಸಿದ ಮೂರು ಸೀಳುಗಳ ಪ್ರಯೋಗವು ಕ್ವಾಂಟಂ ಸಿದ್ಧಾಂತದ ಬಾರ್ನ್ ನಿಯಮವನ್ನು ನೇರವಾಗಿ ಪರೀಕ್ಷಿಸಿತ್ತು. ಮೂರು ದಾರಿಗಳ ವ್ಯತಿಕರಣದಲ್ಲಿ ಎರಡೆರಡು ದಾರಿಗಳ ವ್ಯತಿಕರಣವನ್ನು ಮೀರಿದ ಅಂಶವೇನಾದರೂ ಇದ್ದರೆ ಅದು ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಎಂಬುದು ಅದರ ಫಲ. ಇದೂ ಕೂಡ ತಳ್ಳಿಹಾಕುವಿಕೆಯ ಫಲಿತಾಂಶವೇ. ೨೦೨೧ರಲ್ಲಿ ಇಸ್ರೋದ ಅಹಮದಾಬಾದ್ ಕೇಂದ್ರವು ೩೦೦ ಮೀಟರ್ ಅಂತರದಲ್ಲಿ ಬಯಲಿನ ಮೂಲಕ ಕ್ವಾಂಟಂ ಸಂವಹನವನ್ನು ಪ್ರದರ್ಶಿಸಿತು. ೨೦೨೩ರಲ್ಲಿ ಕೇಂದ್ರ ಸರ್ಕಾರವು ೬,೦೦೩.೬೫ ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಅನುಮೋದನೆ ನೀಡಿತು. ಅದರ ಗುರಿಗಳಲ್ಲಿ ೨,೦೦೦ ಕಿ.ಮೀ. ವ್ಯಾಪ್ತಿಯ ಉಪಗ್ರಹಾಧಾರಿತ ಕ್ವಾಂಟಂ ಸಂವಹನವೂ ಸೇರಿದೆ.

ಇಲ್ಲಿಯೂ ಕಣಾದನ ಪರಮಾಣುವಾದದಿಂದ ಹಿಡಿದು, ೧೯೩೧ರಲ್ಲಿ ರಾಮನ್ ಮತ್ತು ಭಗವಂತಂ ಫೋಟಾನಿನ ಭ್ರಮಣವನ್ನು ಕುರಿತು ನಡೆಸಿದ ಪ್ರಯೋಗದವರೆಗೆ ಒಂದೇ ದಾರದಲ್ಲಿ ಪೋಣಿಸಿ ಹೇಳುವ ಆಕರ್ಷಣೆ ಬಲವಾಗಿದೆ. ಕಣಾದನದು ದರ್ಶನ, ರಾಮನ್ ಮತ್ತು ಭಗವಂತಂ ಅವರದು ಅಳತೆ, ಇಂದಿನದು ಬೇರೆಯೇ ಪ್ರಶ್ನೆ. ಮೂರಕ್ಕೂ ಅವುಗಳದೇ ಸ್ಥಾನವಿದೆ.

೯. ಉಪಸಂಹಾರ

ಒಟ್ಟಾರೆಯಾಗಿ ಹೇಳುವುದಾದರೆ, ಮೇಜಿನ ಮೇಲಿನ ಪ್ರಯೋಗದಿಂದ ೪೦೦ ಮೀಟರಿಗೆ, ಅಲ್ಲಿಂದ ೧೪೪ ಕಿ.ಮೀ.ಗೆ, ಅಲ್ಲಿಂದ ೧,೨೦೩ ಕಿ.ಮೀ.ಗೆ ವಿಸ್ತರಿಸಿದ ಈ ಚರಿತ್ರೆಯಲ್ಲಿ ಪ್ರತಿಯೊಂದು ಹಂತವೂ ಕ್ವಾಂಟಂ ಸಿದ್ಧಾಂತವು ವಿಫಲವಾಗಬಹುದಾಗಿದ್ದ ಒಂದು ಹೊಸ ನೆಲೆಯಾಗಿತ್ತು. ಈವರೆಗೆ ಅದು ವಿಫಲವಾಗಿಲ್ಲ. ೨೦೨೨ರಲ್ಲಿ ಆಸ್ಪೆ, ಕ್ಲೌಸರ್, ಝೈಲಿಂಗರ್ ಅವರಿಗೆ ಸಂದ ನೊಬೆಲ್ ಪ್ರಶಸ್ತಿ ಈ ದೀರ್ಘ ಪರೀಕ್ಷೆಗೆ ದೊರೆತ ಮನ್ನಣೆ. ಗುರುತ್ವದೊಂದಿಗಿನ ಸಂಬಂಧದ ಪ್ರಶ್ನೆ ಮಾತ್ರ ತೆರೆದೇ ಇದ್ದು, ಇನ್ನೂ ಎತ್ತರದ ಕಕ್ಷೆಗಳ 'ಏನೂ ಕಾಣಲಿಲ್ಲ' ಎಂಬ ವರದಿಗಳೂ ಅಲ್ಲಿ ಬೆಲೆಯುಳ್ಳವೇ ಆಗುತ್ತವೆ. ಇಂಥ ವಿಷಯಗಳು ಕನ್ನಡದಲ್ಲಿ ಚರಿತ್ರೆಯಾಗಿ ದಾಖಲಾಗುವಾಗ ವರ್ಷ, ಅಂತರ, ದೊರೆತ ಸಂಖ್ಯೆ, ಅದರ ಅನಿಶ್ಚಿತತೆ ಹಾಗೂ ತೆರೆದುಳಿದ ಕಿಂಡಿ ಈ ಐದನ್ನೂ ಒಟ್ಟಿಗೆ ಬರೆಯುವ ಪದ್ಧತಿ ರೂಢಿಗೆ ಬರಬೇಕಾಗಿದೆ. ಹಾಗೆ ಬರೆದಲ್ಲಿ ಐತಿಹ್ಯವು ಯಾವ ಹಂತದಲ್ಲಿ ಸೇರಿಕೊಂಡಿತೆಂಬುದನ್ನು ಮುಂದಿನ ಸಂಶೋಧಕರು ಸುಲಭವಾಗಿ ಗುರುತಿಸಬಲ್ಲರು.